ತಾನಾಗೇ ಕಡಿದುಹೋಗುತ್ತಿದ್ದ ವೈಫೈ

ಶೃಂಗೇರಿಯಲ್ಲಿ ಯಾತ್ರಿಕರು ಉಳಿದುಕೊಳ್ಳುವ ಲಾಡ್ಜೊಂದರಲ್ಲಿ ನಾನು ಎಂಟು ವರ್ಷ ರೂಮು ಗುಡಿಸಿ, ಬೆಡ್‌ಶೀಟ್ ಬದಲಿಸುವ ಕೆಲಸ ಮಾಡಿದೆ. ಆಮೇಲೆ ಯಜಮಾನರು ನನ್ನನ್ನು ಕೌಂಟರಿನಲ್ಲಿ ಕೂರಿಸಿದರು. ಓದಿದ್ದು ಹತ್ತನೇ ಕ್ಲಾಸು. ಕಂಪ್ಯೂಟರ್ ಕಲಿತದ್ದು ಅಲ್ಲೇ, ನೋಡಿ ನೋಡಿ.

ದಸರಾ ರಜೆಗೆ ಸ್ವಲ್ಪ ಮೊದಲು ಕೊಪ್ಪದಿಂದ ರಿಪೇರಿಯವರು ಬಂದು ಕಂಪ್ಯೂಟರಿನೊಳಗಿನ ಹಳೆ ಸಾಫ್ಟ್‌ವೇರ್ ಸಿಸ್ಟಂ ತೆಗೆದು ಹೊಸದು ಹಾಕಿ ಹೋದರು. ತೊಂದರೆ ಶುರುವಾದದ್ದೇ ಅವತ್ತಿನಿಂದ. ಕಂಪ್ಯೂಟರಿನ ಹಿಂದೆ ನೆಟ್ ಹಿಡಿದುಕೊಡುವ, ಉಗುರಿನಷ್ಟು ಚಿಕ್ಕ ವೈಫೈ ಅಡಾಪ್ಟರ್ ಇತ್ತು. ನೆಟ್ ಇದ್ದಕ್ಕಿದ್ದಂತೆ ಹೋಗುವುದು, ಅಡಾಪ್ಟರ್ ಕಿತ್ತು ಮತ್ತೆ ಸಿಕ್ಕಿಸಿದರೆ ಬರುವುದು. "ಆನ್‌ಲೈನಲ್ಲಿ ಬುಕ್ ಮಾಡಿದೀವಲ್ಲಮ್ಮ" ಎಂದು ಬ್ಯಾಗು ಹಿಡಿದು ನಿಂತವರ ಎದುರು ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ರಿಪೇರಿಯವರಿಗೆ ಫೋನ್ ಮಾಡಿದೆ. "ಅಕ್ಕಾ, ಅಡಾಪ್ಟರ್ ಹೋಗಿದೆ, ಹೊಸದು ಹಾಕಿ" ಎಂದರು. ಹೊಸದು ಹಾಕಿದರೂ ಅದೇ ಕಥೆ.

"ಇನ್ನು ಕಂಪ್ಯೂಟರನ್ನೇ ಬದಲಿಸಬೇಕೇನೋ ಮಾರಾಯ್ತಿ" ಎಂದರು ಯಜಮಾನರು.

"ಎರಡು ದಿನ ತಡೀರಿ ಸರ್, ನಾನೊಂಚೂರು ನೋಡ್ತೀನಿ" ಎಂದೆ. ಬಾಯಿಂದ ಹೇಗೆ ಬಂತೋ.

ಎರಡು ದಿನವೂ ಅದರ ಮೇಲೆ ಕಣ್ಣಿಟ್ಟೆ. ನಾನು ಕೂತು ಹೆಸರು ಟೈಪ್ ಮಾಡುವಾಗ ಒಂದು ಸಲವೂ ನೆಟ್ ಹೋಗಲಿಲ್ಲ. ಬೀಗದ ಕೈ ಹಿಡಿದು ಮೇಲಿನ ರೂಮು ತೋರಿಸಿ ಬಂದರೆ ಹೋಗಿರುತ್ತಿತ್ತು. ಕೆಟ್ಟಿದ್ದರೆ ನಾನಿದ್ದಾಗಲೂ ಹೋಗಬೇಕಲ್ಲ? ಯಾರೂ ಮುಟ್ಟದಿದ್ದಾಗ ಮಾತ್ರ ಇದು ಮಲಗುತ್ತಿದೆ ಅನ್ನಿಸಿತು.

ಮಧ್ಯಾಹ್ನ ಜನ ಕಡಿಮೆ. ಮೊಬೈಲಿನಲ್ಲಿ ವೈಫೈ ಸರಿಮಾಡುವ ವಿಡಿಯೋ ಹುಡುಕಿ, ನಿಲ್ಲಿಸಿ ನಿಲ್ಲಿಸಿ ನೋಡುತ್ತ ಹೋದೆ. ಮೊದಲು ಎಲ್ಲೋ ತಪ್ಪು ಒತ್ತಿ ಕಂಪ್ಯೂಟರಿಗೆ ಸಿಕ್ಕಿಸಿದವುಗಳ ಪಟ್ಟಿಯಿಂದ ಅಡಾಪ್ಟರಿನ ಹೆಸರೇ ಮಾಯವಾಯಿತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಪುಣ್ಯಕ್ಕೆ ಮರಳಿ ಬಂತು. ಇನ್ನೊಮ್ಮೆ ಅದರ ಹೆಸರಿನ ಮೇಲೆ ಒತ್ತಿ ಒಳಗೆ ನೋಡಿದರೆ, ಕರೆಂಟ್ ಉಳಿಸಲು ಕಂಪ್ಯೂಟರ್ ಇದನ್ನು ಆಫ್ ಮಾಡಬಹುದು ಎಂಬ ಸಾಲು, ಅದರ ಪಕ್ಕ ಒಂದು ಟಿಕ್. ಹೊಸ ಸಿಸ್ಟಂ ಹಾಕಿದಾಗ ಬಿದ್ದದ್ದಿರಬೇಕು. ಟಿಕ್ ತೆಗೆದೆ.

ಆಮೇಲೆ ಮೌಸ್ ಮುಟ್ಟದೆ ಅರ್ಧ ಗಂಟೆ ಕೈಕಟ್ಟಿ ಕೂತೆ. ನೆಟ್ ಹೋಗಲಿಲ್ಲ. ಸಂಜೆಯೂ ಹೋಗಲಿಲ್ಲ. ರಜೆಯ ನೂಕುನುಗ್ಗಲಿನಲ್ಲೂ ಹೋಗಲಿಲ್ಲ.

ಪ್ರಿಂಟರ್ ನೋಡಲು ಬಂದ ರಿಪೇರಿಯವರು ಕೇಳಿದರು, "ವೈಫೈ ಯಾರ ಹತ್ರ ಸರಿ ಮಾಡಿಸಿದ್ರಿ?"

"ಇವಳೇ ಮಾಡಿದ್ದು" ಎಂದರು ಯಜಮಾನರು, ನಾನು ಬಾಯಿ ತೆರೆಯುವ ಮೊದಲೇ.

ಭಾನುವಾರ ಬಾಳೆಹೊನ್ನೂರಿನ ಹತ್ತಿರ ಅಮ್ಮನ ಮನೆಗೆ ಹೋದಾಗ ಎಲ್ಲ ಹೇಳಿದೆ. ಅಮ್ಮ ಕಾಫಿ ಎಸ್ಟೇಟಿನಲ್ಲಿ ಕೂಲಿ ಮಾಡುವವಳು. ಅಡಾಪ್ಟರ್ ಎಂದರೇನೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. "ಅಂದ್ರೆ ಮಿಷಿನ್ನಿನವರಿಗೇ ಗೊತ್ತಾಗದ್ದು ನಿಂಗೆ ಗೊತ್ತಾಯ್ತು?" ಎಂದು ಎರಡು ಸಲ ಕೇಳಿದಳು. ಹೌದು ಎಂದೆ, ಎರಡು ಸಲವೂ. ಮಾರನೆಯ ದಿನ ಎಸ್ಟೇಟಿನ ಹೆಂಗಸರಿಗೆಲ್ಲ ಅವಳು ಅದನ್ನೇ ಹೇಳಿದಳಂತೆ.