ಅಳತೆಗೆ ಕೂತ ಹೆಂಗಸು

ಕೊಪ್ಪಳದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರಗಳು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಪುಸ್ತಕಗಳ ಮೊದಲ ಮುದ್ರಣದ ಪ್ರತಿಗಳನ್ನು ಕೂಡಿಡುವುದು ನನ್ನ ಹುಚ್ಚು. ಮನೆಯವರು ಅದನ್ನು ರದ್ದಿ ಅನ್ನುತ್ತಾರೆ.

ಹೋದ ವರ್ಷ ಗಂಗಾವತಿಯಲ್ಲಿ ವಕೀಲರೊಬ್ಬರ ಹಳೇ ಮನೆ ಕೆಡವುವಾಗ ಅವರ ಕಪಾಟಿನಲ್ಲಿ ನಾನು ಬಹಳ ದಿನದಿಂದ ಹುಡುಕುತ್ತಿದ್ದ ಪುಸ್ತಕ ಸಿಕ್ಕಿತು. ಬ್ರಿಟಿಷರ ಕಾಲದಲ್ಲಿ ಊರೂರು ತಿರುಗಿ ಒಂದೊಂದು ಪಂಗಡದವರ ತಲೆ, ಮೂಗು ಅಳೆದು, ಕೋಷ್ಟಕ ಹಾಕಿ, ಫೋಟೊ ತೆಗೆದು ಅಚ್ಚು ಹಾಕಿಸಿದ ಇಂಗ್ಲಿಷ್ ಪುಸ್ತಕ. ಒಂದು ಹಾಳೆಯೂ ಹರಿದಿರಲಿಲ್ಲ. ಹಿಗ್ಗಿನಿಂದ ಗೆಳತಿಯನ್ನು ಮನೆಗೆ ಕರೆದೆ. ಆಕೆ ನಮ್ಮ ಕಾಲೇಜಿನಲ್ಲೇ ಇತಿಹಾಸ ಹೇಳುತ್ತಾಳೆ, ಕುಕನೂರು ಕಡೆಯವಳು.

ಪುಟ ತಿರುವುತ್ತಾ ಒಂದು ಪುಟದಲ್ಲಿ ಕೈ ನಿಲ್ಲಿಸಿದಳು. ಫೋಟೊದಲ್ಲಿ ಒಬ್ಬ ಹೆಂಗಸು. ಯಾರದೋ ಕೈ ಆಕೆಯ ಗದ್ದ ಹಿಡಿದು ಮುಖ ಎತ್ತಿತ್ತು. ಕೆಳಗೆ ಪಂಗಡದ ಹೆಸರು. ಪಕ್ಕದಲ್ಲಿ, ಕಳವೇ ಇವರ ಕುಲಕಸುಬು ಎಂಬ ಸಾಲು.

"ಇವ್ರು ನಮ್ಮವ್ರು, ಅಕ್ಕಾ," ಅಂದಳು.

ಇಷ್ಟು ವರ್ಷದ ಸ್ನೇಹದಲ್ಲಿ ಪಂಗಡ ಯಾವುದೆಂದು ನಾನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

"ನಮ್ಮಜ್ಜಿ ದಿನಾ ಪೊಲೀಸ್ ಠಾಣೆಕ್ಕ ಹೋಗಿ ಹಾಜರಿ ಹಾಕಿ ಬರ್ತಿದ್ಲಂತ. ಇಂಥ ಪಂಗಡದಾಗ ಹುಟ್ಟಿದವರೆಲ್ಲಾ ಕಳ್ಳರು ಅಂತ ಆಗ ಕಾಯ್ದೆನ ಇತ್ತು."

ಪುಸ್ತಕವನ್ನು ಆಕೆಯ ಕಡೆ ಸರಿಸಿದೆ. "ನೀನ ಇಟ್ಕೋವಾ ಇದನ್ನ," ಅಂದೆ.

"ಇದನ್ನ ತಗೊಂಡೋಗಿ ನಮ್ಮ ಮನ್ಯಾಗ ಎಲ್ಲಿ ಇಡ್ಲಿ?" ಅಂದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಜಾಗ ಹುಡುಕುವವಳ ಹಾಗೆ ಕೇಳಿದಳು. ಚಹಾ ಹಾಗೇ ಬಿಟ್ಟು ಹೋದಳು.

ಆಮೇಲೆ ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆಯಾಯಿತು. ಆ ಪುಸ್ತಕ ಕಪಾಟಿನಲ್ಲಿದ್ದರೂ ಕಸಿವಿಸಿ, ಬೇರೆಯವರಿಗೆ ಕೊಡುವುದನ್ನು ನೆನೆದರೂ ಕಸಿವಿಸಿ. ಅದರ ಕೋಷ್ಟಕಗಳ ಅಚ್ಚುಕಟ್ಟನ್ನು ನಾನು ಮೆಚ್ಚಿದ್ದೆ. ಒಂದೊಂದು ಅಂಕಿಯ ಹಿಂದೆಯೂ ಗದ್ದ ಹಿಡಿದ ಅಂಥದೊಂದು ಕೈ ಇದ್ದಿರಬೇಕು ಎಂಬುದು ಹೊಳೆದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಆಕೆ ತಾನಾಗಿ ಬಂದಳು. "ಆ ಪುಸ್ತಕ ಕೊಡ್ರಿ ಅಕ್ಕಾ, ಇಲ್ಲೇ ಕುಂತು ಓದ್ತೀನಿ. ನಮ್ಮ ಬಗ್ಗೆ ಏನೇನು ಬರದಾರ, ಪೂರ್ತಿ ಗೊತ್ತಾಗ್ಲಿ."

ಈಗ ಭಾನುವಾರಗಳಲ್ಲಿ ಬರುತ್ತಾಳೆ. ಕಿಟಕಿ ಪಕ್ಕ ಕೂತು ಓದಿ, ಕನ್ನಡಕ್ಕಿಳಿಸಿ ಬರೆದುಕೊಳ್ಳುತ್ತಾಳೆ. ನಾನು ಒಳಗೆ ಕೆಲಸವಿದೆ ಎಂಬಂತೆ ಓಡಾಡುತ್ತೇನೆ. ಮೊನ್ನೆ ಕರೆದು ಒಂದು ಇಂಗ್ಲಿಷ್ ಶಬ್ದದ ಅರ್ಥ ಕೇಳಿದಳು. 'ತಿದ್ದಲಾಗದವರು' ಎಂದು ಹೇಳುವಾಗ ನನ್ನ ದನಿ ಇಳಿಯಿತು. ಆಕೆ ತಲೆ ಎತ್ತದೆ ಬರೆದುಕೊಂಡಳು.