ಹುಲೆಪ್ಪನ ಹಿರಿಮಗಳು

ಲೋಕಾಪುರದ ಆಚೆಯಿಂದ ಹೆಣ್ಣು ನೋಡಲು ಬಂದಿದ್ದ ಬೀಗರು ತುಬಚಿಯ ಹುಲೆಪ್ಪನ ಮನೆಯಲ್ಲಿ ಒಂದೊಂದೇ ಹೋಳಿಗೆ ತಿಂದು, ಅರೆಹೊಟ್ಟೆಯಲ್ಲಿ ಕೈ ತೊಳೆದುಕೊಂಡು ಎದ್ದು ಹೋದರು. ಹೋಳಿಗೆಗೇನು ಬರವಿರಲಿಲ್ಲ. ಒಳಗೆ ದೊಡ್ಡ ಬುಟ್ಟಿಯಲ್ಲಿ ಎಪ್ಪತ್ತು ಹೋಳಿಗೆ ಬಟ್ಟೆ ಹೊದ್ದು ಕೂತಿದ್ದವು. ಬಡಿಸಲು ನಿಂತವಳು ಹುಲೆಪ್ಪನ ಹಿರಿಮಗಳು ತಾರವ್ವ. ಎರಡನೆಯ ಹೋಳಿಗೆ ಹಿಡಿದು ಹೋದಾಗ ಹುಡುಗನ ಅಪ್ಪ ತಾಟಿಗೆ ಕೈ ಅಡ್ಡ ಹಿಡಿದು, "ಸಾಕ್ರಿ, ಸಾಕು" ಎಂದ. "ಆತ್ರಿ" ಎಂದು ತಾರವ್ವ ಮುಂದಿನವರ ಹತ್ತಿರ ಹೋದಳು. ಅವರೂ ಸಾಕೆಂದರು. ಸಾಲು ಮುಗಿಯಿತು, ಬುಟ್ಟಿ ಒಳಗೆ ಹೋಯಿತು.

ನಮ್ಮ ಕಡೆ ಊಟಕ್ಕೆ ಕೂತವನು ಮೊದಲ ಸಲಕ್ಕೇ "ಹಾಕ್ರಿ" ಎನ್ನುವುದಿಲ್ಲ. ಅಂದರೆ ಹೊಟ್ಟೆಬಾಕ ಅಂದಾರು. ಅವನು ಸಾಕು ಅನ್ನಬೇಕು, ಮನೆಯವರು ಒತ್ತಾಯ ಮಾಡಬೇಕು, ಅವನು ಕೈ ಅಡ್ಡ ಹಿಡಿಯಬೇಕು, ಇವರು ಆ ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸಬೇಕು. ಈ ಆಟ ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತೊಟ್ಟಿಲಲ್ಲಿದ್ದಾಗಲೇ ಎಲ್ಲರಿಗೂ ಬಂದಿರುತ್ತದೆ. ತಾರವ್ವನಿಗೆ ಮಾತ್ರ ಬಂದಿರಲಿಲ್ಲ, ಮೂವತ್ತಾರು ವರ್ಷವಾದರೂ.

ಆ ಬೀಗರು ಊರಿಗೆ ಹೋಗುವ ದಾರಿಯಲ್ಲಿ ಲೋಕಾಪುರದಲ್ಲಿ ಗಾಡಿ ನಿಲ್ಲಿಸಿ ಮಿರ್ಚಿಭಜಿ ತಿಂದರು. ಅದೂ ಹುಲೆಪ್ಪನ ತಂಗಿ ಯಲ್ಲಕ್ಕನ ಮನೆಯ ಎದುರಿನ ಹೋಟೆಲಿನಲ್ಲಿ. ತಿನ್ನುವುದು ತಿಂದು, "ಹೆಣ್ಣಿನ ಮನ್ಯಾಗ ಉಪಾಸ ಎದ್ದು ಬಂದೇವಿ" ಎಂದು ಭಜಿ ಕರಿಯುವವನ ಮುಂದೆ ಹೇಳಿಯೂ ಬಿಟ್ಟರು. ಯಲ್ಲಕ್ಕನ ಕಿವಿಗೆ ಅದು ಸಂಜೆಯೊಳಗೆ ಬಿತ್ತು. ಕಿರಿಮಗಳು ಕಾವೇರಿಗೆ ಕುದುರುತ್ತಿದ್ದ ಸಂಬಂಧ ಅಲ್ಲಿಗೆ ಮುರಿಯಿತು.

ತಾರವ್ವ ದಡ್ಡಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾಯಿ ತೀರಿಕೊಂಡ ಮೇಲೆ ಆ ಮನೆ ನಡೆದದ್ದೇ ಅವಳಿಂದ. ಬೆಳಿಗ್ಗೆ ಕುರಿಗಳ ಹಟ್ಟಿ ಗುಡಿಸಿ, ರೊಟ್ಟಿ ಬಡಿದು, ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡು, ಒಂಬತ್ತಕ್ಕೆ ಸರಿಯಾಗಿ ಸಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. ಅವಳು ಹೊರಟದ್ದು ನೋಡಿ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಪಾತ್ರೆಗಳು ಒಂದಕ್ಕೊಂದು ಬಡಿದರೆ ಅವಳಿಗೆ ತಲೆ ಸಿಡಿಯುತ್ತಿತ್ತು, ಅದಕ್ಕೆ ಸೌಟನ್ನು ಬಟ್ಟೆಯ ಮೇಲೆ ಇಡುತ್ತಿದ್ದಳು. ಹೊಸ ಸೀರೆ ಮೈಗೆ ಚುಚ್ಚುತ್ತಿತ್ತು, ಅದಕ್ಕೆ ಹಳೆಯದನ್ನೇ ಒಗೆದು ಒಗೆದು ಉಡುತ್ತಿದ್ದಳು. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಾಲೆಗೆ ಬರುವ ಪೇಪರಿನಲ್ಲಿ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ ಓದದೆ ಒಲೆ ಹಚ್ಚುತ್ತಿರಲಿಲ್ಲ. ಹೋದ ವರ್ಷ ಇದೇ ದಿನ ಎಷ್ಟಿತ್ತೆಂದು ಕೇಳದಿದ್ದವರಿಗೂ ಹೇಳುತ್ತಿದ್ದಳು. ಮಕ್ಕಳಿಗೆ ಅವಳೆಂದರೆ ಜೀವ. ಮಕ್ಕಳು ಸಾಕೆಂದರೆ ಸಾಕು, ಬೇಕೆಂದರೆ ಬೇಕು. ಅವರ ಜೊತೆ ಅವಳಿಗೆ ಒಂದು ದಿನವೂ ತಪ್ಪಿರಲಿಲ್ಲ. ಅವಳನ್ನು ನೋಡಲು ಹಿಂದೆ ಇಬ್ಬರು ಗಂಡು ಬಂದಿದ್ದರು. ಇಬ್ಬರಿಗೂ ಅವಳೇ ಒಲ್ಲೆ ಎಂದಳು, ಮತ್ತೆ ಕೇಳಿದಾಗಲೂ ಒಲ್ಲೆ ಎಂದಳು.

ಕಾವೇರಿಯ ಸಂಬಂಧ ಮುರಿದ ಕೆಲ ದಿನಕ್ಕೆ, ಸಾಲೆಗೆ ಮಕ್ಕಳ ತಪಾಸಣೆಗೆಂದು ಜಮಖಂಡಿಯಿಂದ ಬಂದಿದ್ದ ಡಾಕ್ಟರೊಬ್ಬರು ಊಟಕ್ಕೆ ಕೂತಾಗ ಇವಳ ಜೊತೆ ಮಾತಿಗಿಳಿದರು. ಅರ್ಧ ತಾಸು ಆಲಮಟ್ಟಿಯ ವರ್ತಮಾನ ಕೇಳಿದ ಮೇಲೆ ಇವಳಿಗೇ ಒಂದೊಂದಾಗಿ ಪ್ರಶ್ನೆ ಹಾಕಿದರು. ಆಮೇಲೆ ಎರಡು ಸಲ ಆಸ್ಪತ್ರೆಗೆ ಕರೆಸಿಕೊಂಡು ಒಂದು ಹೆಸರು ಹೇಳಿದರು: ಆಸ್ಪರ್ಜರ್.

"ಇದಕ್ಕ ಗುಳಿಗಿ ಐತೇನ್ರಿ?" ತಾರವ್ವ ಕೇಳಿದಳು.

"ಇದು ಬ್ಯಾನಿ ಅಲ್ಲವ್ವಾ. ನೀ ಹುಟ್ಟಿದ್ದ ಹಿಂಗ. ಉಳಿದ ಮಂದಿಗೆ ಹೇಳದ ತಿಳಿಯೂದು ನಿನಗ ಹೇಳಿದ್ರ ತಿಳೀತೈತಿ, ಅಷ್ಟ."

"ಹಂಗಾರ ಕಲೀಬೇಕು" ಎಂದು ಎದ್ದಳು. ಮನೆಗೆ ಬಂದು ಅಪ್ಪನಿಗೂ ತಂಗಿಗೂ ಇದನ್ನು ಹೇಳಿದಳು. ಹುಲೆಪ್ಪ ತಲೆ ಆಡಿಸಿದ. ಅವನಿಗೆ ಅರ್ಥವಾಯಿತೋ ಇಲ್ಲವೋ, ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಹೋಳಿಗೆಯ ಅನಾಹುತ ಆಗಿ ನಾಲ್ಕು ತಿಂಗಳಿಗೆ, ಎರಡು ಸಾವಿರದ ಒಂಬತ್ತರ ಸುಗ್ಗಿಯ ಹೊತ್ತಿಗೆ, ಯಲ್ಲಕ್ಕ ಬಾಡಗಂಡಿಯ ಕಡೆಯಿಂದ ಇನ್ನೊಂದು ಸಂಬಂಧ ತಂದಳು. ಹುಡುಗ ದುರಗೇಶನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಕಾವೇರಿಯನ್ನು ಯಾರದೋ ಮದುವೆಯಲ್ಲಿ ನೋಡಿ ಒಪ್ಪಿದ್ದ. ಇವಳೂ ಒಪ್ಪಿದ್ದಳು. ಮಾತುಕತೆಗೆ ಹಿರಿಯರು ಬರುವುದೊಂದೇ ಬಾಕಿ. ಯಲ್ಲಕ್ಕ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ನಿಜವಾದ ವಿಷಯ ಹೊರಗೆ ತೆಗೆದಳು.

"ಅಣ್ಣಾ, ನಾ ಅವರಿಗೆ ನಿನಗ ಒಬ್ಬಾಕಿ ಮಗಳು ಅಷ್ಟ ಅಂತ ಹೇಳೀನಿ. ಹಿರ್ಯಾಕಿ ಕುಂತಿರುವಾಗ ಕಿರ್ಯಾಕಿ ಮದುವಿ ಯಾಕಂತ ಕೇಳ್ತಾರ. ಈಕಿಗೆ ಏನಾಗೇತಿ ಅಂತಾರ. ಆವತ್ತ ಒಂದಿನ ತಾರಾನ್ನ ನಮ್ಮ ಮನಿಗೆ ಕಳಸು."

ತಾರವ್ವ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಅವಳೆದುರೇ ಈ ಮಾತು ನಡೆಯಿತು, ಆಕಳನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟುವುದೆಂದು ಮಾತಾಡಿದ ಹಾಗೆ. ಹುಲೆಪ್ಪ ನೆಲ ನೋಡುತ್ತ ಕೂತ. ಹುಲೆಪ್ಪ ನೆಲ ನೋಡಿದನೆಂದರೆ ಒಪ್ಪಿದನೆಂದೇ ಲೆಕ್ಕ. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ.

"ನಾ ಹೋಗಂಗಿಲ್ಲ" ಎಂದಳು ತಾರವ್ವ.

ಕಾವೇರಿಯ ಕಣ್ಣು ತುಂಬಿತು. "ಅಕ್ಕಾ, ಒಂದ ದಿನ ಅಲ್ಲಾ? ನನ್ನ ಸಲುವಾಗಿ."

ತಾರವ್ವ ಯೋಚಿಸಿದಳು. ತಂಗಿಗೆ ಸಿಟ್ಟಿನಿಂದಲ್ಲ, ಸಾಲೆಯ ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಕೇಳಿದಳು. "ಆವತ್ತ ಲೋಕಾಪುರಕ್ಕ ಹೋಗ್ತೀನಿ. ನಿಶ್ಚಯದ ದಿನಾ ಎಲ್ಲಿಗೆ ಹೋಗ್ಲಿ? ಮದುವಿ ದಿನಾ? ನೀ ಬಾಣಂತನಕ್ಕ ಬಂದಾಗ ನಿನ್ನ ಅತ್ತಿ ಕೂಸು ನೋಡಾಕ ಬರ್ತಾಳ, ಆವಾಗ? ಈ ಸುಳ್ಳ ನಿಲ್ಲಬೇಕಂದ್ರ ನಾ ಸಾಯೂತನಕ ಈ ಮನ್ಯಾಗ ಇರಬಾರ್ದು."

ಯಾರೂ ಅಷ್ಟು ದೂರ ಯೋಚಿಸಿರಲಿಲ್ಲ. ಯಲ್ಲಕ್ಕ ಮಾತ್ರ ಸೋಲುವವಳಲ್ಲ. "ಇದ್ದು ಏನ ಮಾಡ್ತಿ? ಮತ್ತ ಬೀಗರನ್ನ ಉಪಾಸ ಕಳಸ್ತಿ?"

"ಬಡಸೂದು ಕಲೀತೀನಿ" ಎಂದಳು ತಾರವ್ವ. "ಒಂದ ತಿಂಗಳ ಐತಿ."

ಕಲಿತಳು, ಛಲ ಹಿಡಿದು. ಸಾಲೆಯಲ್ಲಿ ಅವಳ ಜೊತೆ ಅಡುಗೆ ಮಾಡುವ ಸಾವಕ್ಕನೇ ಗುರು. ಸಾವಕ್ಕ ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿ, ನೂರಾರು ಬೀಗರಿಗೆ ಉಣಿಸಿ, ಒತ್ತಾಯದಲ್ಲಿ ಪಳಗಿದ ಕೈ. ಮಕ್ಕಳು ಉಂಡು ಹೋದ ಮೇಲೆ ಪಡಸಾಲೆಯಲ್ಲಿ ಖಾಲಿ ತಾಟು ಇಟ್ಟುಕೊಂಡು ಅವಳು ಬೀಗನಾಗಿ ಕೂರುತ್ತಿದ್ದಳು. ಮೀಸೆ ಇಲ್ಲದಿದ್ದರೂ ತಿರುವುತ್ತಿದ್ದಳು.

"ಸಾಕ್ರಿ ಸಾಕು! ಹೊಟ್ಟಿ ಬಿರೀತೈತಿ!"

"ಹಂಗಾರ ಬ್ಯಾಡ್ರಿ."

"ಹುಚ್ಚ ಮೂಳಿ! 'ಏನ ಉಂಡೀರಿ ನೀವು, ನಮ್ಮ ಹೋಳಿಗಿ ಸೇರಲಿಲ್ಲೇನು' ಅನ್ನು. ಹೊಳ್ಳಿ ಹಾಕು!"

"ಸೇರಲಿಲ್ಲ ಅಂದ್ರ?"

"ಯಾವ ಬೀಗಾನೂ ಹಂಗ ಅನ್ನಂಗಿಲ್ಲಬೇ!"

ಆದರೆ ಖರೆಯೇ ಸಾಕಾದವನನ್ನು ಗುರುತಿಸುವುದು ಹೇಗೆ? "ಮಾರಿ ನೋಡು, ತಿಳೀತೈತಿ" ಎಂದಳು ಸಾವಕ್ಕ. ಮುಖ ತಾರವ್ವನಿಗೆ ಬರೆಯದ ಪಾಟಿ. ಹಾಗಾಗಿ ಅವಳು ಕೈ ನೋಡಲು ನಿಂತಳು. ಆ ತಿಂಗಳು ಊರಿನಲ್ಲಾದ ಎರಡು ಮದುವೆ, ಒಂದು ಬಸುರಿಯ ಕುಬಸ, ಒಂದನ್ನೂ ಬಿಡದೆ ಪಂಕ್ತಿಯ ತುದಿಯಲ್ಲಿ ನಿಂತು ಉಣ್ಣುವವರ ಕೈಗಳನ್ನೇ ನೋಡಿದಳು. ಬೆರಳು ಅಗಲವಾಗಿದ್ದರೆ ಹಾಕಬಹುದು. ತಾಟನ್ನೇ ಹಿಂದಕ್ಕೆ ಎಳೆದುಕೊಂಡರೆ ಬಿಡಬೇಕು. ಜನರಿಗೆ ನಗು. ಪಂಕ್ತಿಯ ಗದ್ದಲಕ್ಕೆ ಅವಳ ತಲೆ ಒಡೆದು ಹೋಗುತ್ತಿತ್ತು. ಮನೆಗೆ ಬಂದು ಕತ್ತಲ ಕೋಣೆಯಲ್ಲಿ ತಾಸುಗಟ್ಟಲೆ ಮಲಗುತ್ತಿದ್ದಳು. ಮರುದಿನ ಮತ್ತೆ ಸಾವಕ್ಕನ ತಾಟಿನ ಮುಂದೆ.

ಬೀಗರು ಬರುವ ದಿನ ಬಂತು. ಯಲ್ಲಕ್ಕ ಬೆಳಿಗ್ಗೆಯೇ ಬಂದು, ತಾರವ್ವ ಇನ್ನೂ ಮನೆಯಲ್ಲಿರುವುದನ್ನು ಕಂಡು ಅಣ್ಣನ ಮೇಲೆ ಹರಿಹಾಯ್ದಳು. ಕೊನೆಗೆ ಹುಲೆಪ್ಪ ಒಲೆಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ತಾರಾ, ನೀ ಅಡಗಿ ಮಾಡು. ಹೊರಗ ಬರಬ್ಯಾಡ."

"ಹೊರಗ ಬರ್ತೀನಿ, ಅಪ್ಪಾ" ಎಂದಳು ತಾರವ್ವ.

ಹುಡುಗನ ಅಪ್ಪ ಗಿರಿಮಲ್ಲಪ್ಪ, ತಾಯಿ ಪದ್ಮವ್ವ, ಇನ್ನೂ ನಾಲ್ಕು ಮಂದಿ ಹಿರಿಯರು ಪಡಸಾಲೆಯಲ್ಲಿ ಸಾಲಾಗಿ ಕೂತರು. ತಾರವ್ವ ಹೋಳಿಗೆ ಬುಟ್ಟಿ ಹಿಡಿದು ಹೊರಗೆ ಬಂದಳು. ಯಲ್ಲಕ್ಕ ತಡಮಾಡಲಿಲ್ಲ. "ಬಾಜೂ ಮನಿಯಾಕಿರೀ. ಕೆಲಸಕ್ಕ ಕೈ ಹಚ್ಚಾಕ ಬಂದಾಳ" ಎಂದಳು.

ತಾರವ್ವ ಕೇಳಿಸಿಕೊಂಡಳು. ಕೈಯಲ್ಲಿ ಬುಟ್ಟಿ ಇತ್ತು, ಎದುರಿಗೆ ಉಣ್ಣುವವರಿದ್ದರು. ಮೊದಲು ಕಲಿತ ಕೆಲಸ ಮಾಡಿದಳು. "ಏನ ಉಂಡೀರಿ ನೀವು, ನಮ್ಮ ಹೋಳಿಗಿ ಸೇರಲಿಲ್ಲೇನು" ಎಂದು ಪಾಠ ಒಪ್ಪಿಸುವ ದನಿಯಲ್ಲಿ ಎಲ್ಲರಿಗೂ ಅದೇ ಮಾತು ಹೇಳುತ್ತ ಹೋದಳು. ಬೆರಳು ಅಗಲವಿದ್ದಲ್ಲಿ ಹಾಕಿದಳು. ನಡೆಯಿತು. ಗಿರಿಮಲ್ಲಪ್ಪನ ತಾಟಿಗೆ ಎರಡನೆಯದು ಬಿತ್ತು. ಮೂರನೆಯದಕ್ಕೆ ಅವನು ಕೈ ಅಡ್ಡ ಹಿಡಿದ, ಬೆರಳು ಅಗಲವೇ ಇತ್ತು. ಆದರೆ ಎರಡನೆಯದು ತಾಟಿನಲ್ಲಿ ಹಾಗೇ ಇತ್ತು, ಇನ್ನೊಂದು ಕೈ ತಾಟನ್ನು ಹಿಂದಕ್ಕೆ ಎಳೆಯುತ್ತಿತ್ತು. ಯಾವ ಪಂಕ್ತಿಯಲ್ಲೂ ಇಂಥ ಕೈ ಅವಳು ಕಂಡಿರಲಿಲ್ಲ.

ಬಾಗಿಲ ಮರೆಯಲ್ಲಿ ಕಾವೇರಿ ಸೆರಗು ಕಚ್ಚಿ ನಿಂತಳು. ತಾರವ್ವ ಬುಟ್ಟಿಯನ್ನು ಕೆಳಗಿಟ್ಟಳು.

"ನಿಮಗ ಒಂದ ಮಾತ ಕೇಳ್ತೀನ್ರಿ. ನೀವು ಖರೇನ ಬ್ಯಾಡ ಅಂತೀರೋ, ಪದ್ಧತಿಗೆ ಅಂತೀರೋ? ನನಗ ಮಾರಿ ನೋಡಿದ್ರ ತಿಳಿಯಂಗಿಲ್ಲ. ಬಾಯಿಲೆ ಹೇಳಿದ್ರ ತಿಳೀತೈತಿ."

ಗಿರಿಮಲ್ಲಪ್ಪ ಅವಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಉಸಿರು ಬಿಟ್ಟು ಹೇಳಿದ: "ಖರೇನ ಬ್ಯಾಡ, ತಂಗಿ. ನನಗ ಸಕ್ಕರಿ ಬ್ಯಾನಿ. ಬೀಗರ ಮನ್ಯಾಗ ಹೆಂಗ ಹೇಳೂದಂತ ಸುಮ್ಮನಿದ್ದೆ. ಹೋದಲ್ಲೆಲ್ಲಾ ಹಿಂಗ ತಿನಸಿ ತಿನಸಿ ನನ್ನ ಸಾಯಸ್ತಾರ. ಒಂದ ರೊಟ್ಟಿ ಇದ್ರ ಕೊಡು."

ತಾರವ್ವ ಹೋಳಿಗೆ ಎತ್ತಿ ರೊಟ್ಟಿ, ಬದನೆಕಾಯಿ ಪಲ್ಯ ತಂದು ಹಾಕಿದಳು. ಅವನು ಹಸಿದವನ ಹಾಗೆ ಉಂಡ. ಪಕ್ಕದಲ್ಲಿದ್ದ ಪದ್ಮವ್ವ ನಕ್ಕು, "ನಾ ಪದ್ಧತಿಗೆ ಅಂದಿದ್ದೆ. ನನಗ ಇನ್ನೊಂದ ಹಾಕವಾ" ಎಂದಳು. ಸಾಲಿಗೆ ಸಾಲೇ ನಕ್ಕಿತು.

"ಯಾರ ಮನ್ಯಾಕಿ ನೀ? ಭಾಳ ಛಲೋ ಬಡಸ್ತಿ" ಎಂದ ಗಿರಿಮಲ್ಲಪ್ಪ.

ಯಲ್ಲಕ್ಕ ಬಾಯಿ ತೆರೆದಳು. ಅದಕ್ಕಿಂತ ಮೊದಲೇ ತಾರವ್ವ ಹೇಳಿದಳು: "ಇದ ಮನ್ಯಾಕಿರೀ. ಬಾಜೂ ಮನಿ ಅಂದದ್ದು ಸುಳ್ಳ. ನಾ ಹಿರೀ ಮಗಳು, ತಾರವ್ವ. ನನಗ ಲಗ್ನ ಆಗಿಲ್ಲ, ನಾ ಒಲ್ಲೆ ಅಂದೆ. ಕಾವೇರಿ ನನ್ನ ತಂಗಿ."

ನಗು ನಿಂತಿತು. ಗಿರಿಮಲ್ಲಪ್ಪ ತುತ್ತು ಕೈಯಲ್ಲಿ ಹಿಡಿದೇ ಹುಲೆಪ್ಪನ ಕಡೆ ತಿರುಗಿದ. "ಖರೆ ಏನ್ರೀ?"

ಹುಲೆಪ್ಪ ನೆಲ ನೋಡಿದ. ಯಲ್ಲಕ್ಕ ಕಣ್ಣಿನಲ್ಲೇ ಬೇಡವೆಂದಳು. ಅವನು ತಲೆ ಎತ್ತಿದ.

"ಖರೇರೀ. ಈಕಿ ನನ್ನ ಹಿರೀ ಮಗಳು. ಈಕಿ ಕೈಯಾಗ ಈ ಮನಿ ನಿಂತೈತಿ. ಸುಳ್ಳಿಗೆ ಹೂಂ ಅಂದಾಂವ ನಾ. ತಪ್ಪಾತು."

ಬೀಗರು ಊಟ ಮುಗಿಸಿದರು, ಎಲೆ ಅಡಿಕೆ ಹಾಕಿಕೊಂಡರು, "ತಿಳಸ್ತೇವಿ" ಎಂದು ಹೋದರು. ಯಲ್ಲಕ್ಕ ಅಣ್ಣನ ಜೊತೆ ಮಾತು ಬಿಟ್ಟು ಸಂಜೆಯ ಬಸ್ಸು ಹತ್ತಿದಳು. ಎಂಟು ದಿನ ಕಾವೇರಿ ಸರಿಯಾಗಿ ಉಣ್ಣಲಿಲ್ಲ. ತಾರವ್ವ ಆ ಎಂಟೂ ದಿನ ಸಾಲೆಯಿಂದ ಬಂದವಳೇ ಕತ್ತಲ ಕೋಣೆಯಲ್ಲಿ ಮಲಗಿದಳು. ಆದರೂ ಹೇಳಿದ್ದನ್ನು ಹೇಳಬಾರದಿತ್ತು ಎಂದು ಒಂದು ಸಲವೂ ಅನ್ನಲಿಲ್ಲ. ಒಂಬತ್ತನೆಯ ದಿನ ಗಿರಿಮಲ್ಲಪ್ಪನ ಫೋನು ಬಂತು. ಮುಚ್ಚಿಟ್ಟದ್ದಕ್ಕೆ ಹುಲೆಪ್ಪನನ್ನು ಹಿಗ್ಗಾಮುಗ್ಗಾ ಬೈದು, ಕೊನೆಗೆ ನಿಶ್ಚಯದ ದಿನ ತೆಗೆಸಲು ಹೇಳಿದ.

ಲಗ್ನಪತ್ರಿಕೆ ಅಚ್ಚು ಹಾಕಿಸಲು ಹುಲೆಪ್ಪ ಜಮಖಂಡಿಗೆ ಹೋದಾಗ ಯಲ್ಲಕ್ಕನೂ ಬಂದಳು. ಅಣ್ಣನ ಮಗಳ ಮದುವೆ, ಸಿಟ್ಟು ಎಷ್ಟು ದಿನ ಹಿಡಿದಾಳು? ಆಮಂತ್ರಿಸುವವರು ಯಾರ್ಯಾರು ಎಂದು ಪ್ರೆಸ್ಸಿನವನು ಕೇಳಿದ.

"ಮೊದಲ ತಾರವ್ವ ಅಂತ ಬರಿ" ಎಂದ ಹುಲೆಪ್ಪ. "ಮುಂದ, ಹುಲೆಪ್ಪನ ಹಿರಿಮಗಳು ಅಂತ ಹಾಕು. ಆಮ್ಯಾಲ ಉಳಿದಾವ್ರ ಹೆಸರು."

ಯಲ್ಲಕ್ಕ ಅವನ ತೋಳು ಜಗ್ಗಿದಳು. "ಲಗ್ನ ಇಲ್ಲದಾಕಿ ಹೆಸರ ಮ್ಯಾಲ ಹಾಕಿದ್ರ ಊರ ಮಂದಿ ಕೇಳ್ತಾರೋ, ಅಣ್ಣಾ."

"ಕೇಳ್ಲಿ" ಎಂದ ಹುಲೆಪ್ಪ. "ಕೇಳಿದ್ರ ಆಕಿನ ಹೇಳ್ತಾಳ."