ಎಂಬತ್ತೆರಡು ಹೆಜ್ಜೆಗಳ ವೈರ್‌ಲೆಸ್

ನಮ್ಮ ಲಾರಿ ಮಾಲೀಕರ ಸಂಘದ ಕಚೇರಿಯಿಂದ ಗೇಟಿನ ಬಳಿಯ ತಗಡಿನ ಕೋಣೆಗೆ ಎಂಬತ್ತೆರಡು ಹೆಜ್ಜೆ. ಇದು ನನ್ನ ಅಳತೆಯಲ್ಲ, ಸುಕನ್ಯಾಳದು. ಕಚೇರಿಯ ಗುಮಾಸ್ತನಾದ ನನ್ನ ಕಾಲಿಗೆ ಅದು ಎಪ್ಪತ್ತಾರೇ ಆಗುತ್ತದೆ. ಆದರೆ 2007ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಆ ದಾರಿಯನ್ನು ದಿನಕ್ಕೆ ನಲವತ್ತು ಸಲ ಓಡಿದವಳು ಆಕೆಯಾದ್ದರಿಂದ ಆಕೆಯ ಎಣಿಕೆಯನ್ನೇ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಸುಕನ್ಯಾ ಎಮ್ಮಿಗನೂರಿನವಳು. ಪಿಯುಸಿ ಮುಗಿಸಿ, ಲಾರಿ ಚಾಲಕ ಓಬಳೇಶನನ್ನು ಮದುವೆಯಾಗಿ, ಕಂಪ್ಲಿಯಲ್ಲಿ ಏಳು ವರ್ಷ ಎಸ್‌ಟಿಡಿ ಬೂತ್ ನಡೆಸಿದಳು. ಆ ಗಾಜಿನ ಪೆಟ್ಟಿಗೆಯ ಪಕ್ಕ ಕುಳಿತು ಎರಡು ವಿದ್ಯೆಗಳನ್ನು ಕಲಿತಳು. ಮೊದಲನೆಯದು ಕಿವಿಯದು: ರಿಸೀವರ್ ಎತ್ತಿದಾಗ ಬರುವ ಸದ್ದಿನಿಂದಲೇ ಕರೆ ಕೂಡುತ್ತದೆಯೋ ಇಲ್ಲವೋ ಎಂದು ಹೇಳುತ್ತಿದ್ದಳಂತೆ. ಎರಡನೆಯದು ಕ್ರಮದ್ದು. ಫೋನು ಸತ್ತಾಗ ಗಿರಾಕಿಗಳು ಎಕ್ಸ್‌ಚೇಂಜನ್ನು ಬೈಯುತ್ತಿದ್ದರೆ ಆಕೆ ಗೋಡೆಯ ಪ್ಲಗ್ಗನ್ನು ಮೊದಲು ಅಲುಗಾಡಿಸಿ ನೋಡುತ್ತಿದ್ದಳು. "ಗ್ವಾಡಿಯಿಂದ ಸುರು ಮಾಡ್ಬೇಕ್ರಿ ಸರ್, ದಿಲ್ಲಿಯಿಂದ ಅಲ್ಲ" ಎಂಬುದು ಆಕೆಯ ಮಾತು. ಎಲ್ಲರ ಕೈಗೂ ಮೊಬೈಲು ಬಂದು ಬೂತ್ ಮುಚ್ಚಿತು. 2005ರಲ್ಲಿ ನಮ್ಮಲ್ಲಿ ಕೆಲಸಕ್ಕೆ ಸೇರಿದಾಗ ಆಕೆಗೆ ಮೂವತ್ತು ವರ್ಷ.

ಸಂಡೂರು ರಸ್ತೆಯ ನಮ್ಮ ಬಯಲಿನಲ್ಲಿ ಆಗ ಹಗಲೊಂದಕ್ಕೆ ಇನ್ನೂರು ಲಾರಿಗಳು ಅದಿರಿನ ಲೋಡಿಗೆ ಕಾದು ನಿಲ್ಲುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪಾಳಿಯನ್ನು ಸುಂಕಪ್ಪನೆಂಬ ಹಿರಿಯ ನೌಕರ ಚೀಟಿಗಳಲ್ಲಿ ಬರೆದು ತನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಚಹಾ ಕುಡಿಸಿದವರ ಚೀಟಿ ಕಿಸೆಯಲ್ಲಿ ತಾನಾಗಿ ಮೇಲಕ್ಕೆ ಬರುತ್ತಿತ್ತು. ಇದನ್ನು ಆರೋಪವೆಂದು ಬರೆಯುತ್ತಿಲ್ಲ. ಹಗುರವಾದ ವಸ್ತುಗಳ ಸ್ವಭಾವವನ್ನಷ್ಟೇ ಹೇಳುತ್ತಿದ್ದೇನೆ.

ಪಾಳಿಯನ್ನು ಕಂಪ್ಯೂಟರಿನಲ್ಲಿ ಬರೆಯೋಣವೆಂದು ಸಂಘದ ಅಧ್ಯಕ್ಷ ಅಂದಾನಪ್ಪನವರನ್ನು ಒಪ್ಪಿಸಿದವಳು ಸುಕನ್ಯಾ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಸಂಘದಲ್ಲಿ ಆರು ಲಾರಿ ಇರುವ ಅವರು ತಮ್ಮ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟರು. ಮೊದಲ ತಿಂಗಳಲ್ಲೇ ಚಾಲಕರು ಹಾಡು ತುಂಬಿಸಿಕೊಳ್ಳಲು ತಂದ ಪೆನ್‌ಡ್ರೈವ್‌ಗಳಿಂದ ಅದಕ್ಕೆ ವೈರಸ್ ಹತ್ತಿತು. ಸುಕನ್ಯಾ ಹಳೆಯದನ್ನೆಲ್ಲ ಅಳಿಸಿ, ಪತ್ರಿಕೆಯೊಂದರ ಜೊತೆ ಬಂದಿದ್ದ ಸಿಡಿಯಿಂದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿದಳು. ಆಮೇಲೆ ಹಾಡುಗಳು ಬಂದವು, ವೈರಸ್ ಬರಲಿಲ್ಲ. ಗೇಟಿನಲ್ಲಿ ಆಕೆ ಲಾರಿಯ ನಂಬರು ಒತ್ತಿದರೆ ಕಚೇರಿಯ ಪರದೆಯ ಮೇಲೆ ಪಾಳಿ ಮೂಡಬೇಕಿತ್ತು. ನಡುವೆ ಎಳೆದ ಕೇಬಲನ್ನು ಲಾರಿಗಳು ಮೂರು ಸಲ ತುಂಡರಿಸಿದ್ದರಿಂದ ವೈರ್‌ಲೆಸ್ ಮಾಡಿದೆವು.

"ಗಾಳ್ಯಾಗ ಹೋಗ್ತೈತಾ? ಹೋಗ್ಲಿ ಬಿಡವ್ವ. ಗಾಳಿಗೇನು ಲಾರಿ ಹಾಯಂಗಿಲ್ಲ" ಎಂದು ಅಂದಾನಪ್ಪನವರು ಹರಸಿದರು.

ನಾಲ್ಕು ತಿಂಗಳು ಅದು ಚೆನ್ನಾಗಿಯೇ ನಡೆಯಿತು. ಆಗಸ್ಟ್ ಹದಿನೇಳರ ಬೆಳಗ್ಗೆ ನಿಂತಿತು.

ನಿಂತರೆ ಏನಾಗುತ್ತದೆಂದರೆ, ಐದು ಲಾರಿ ಬಂದಾಗಲೊಮ್ಮೆ ಸುಕನ್ಯಾ ನಂಬರುಗಳನ್ನು ಕಾಗದದ ಮೇಲೆ ಬರೆದುಕೊಂಡು ಕೆಂಧೂಳಿನಲ್ಲಿ ಕಚೇರಿಗೆ ಓಡಿ ಬರಬೇಕು, ಮತ್ತೆ ಓಡಬೇಕು. ಸಂಜೆಯ ಹೊತ್ತಿಗೆ ಆಕೆಯ ಸೀರೆ ಯಾವ ಬಣ್ಣದ್ದೇ ಆಗಿದ್ದರೂ ಅದಿರಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಸುಂಕಪ್ಪ ಕಟ್ಟೆಯ ಮೇಲೆ ಕುಳಿತು, "ಏನವ್ವ, ವೈರ್‌ಲೆಸ್ಸು ಭಾಳ ಜೋರು ಓಡಾಕತ್ತೈತಲ್ಲ!" ಎನ್ನುತ್ತಿದ್ದ.

ಆಕೆ ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡಳು. ವೈರ್‌ಲೆಸ್ ಕಾರ್ಡು ಯಂತ್ರದೊಳಗೆ ಇದೆಯೇ? ಲಿನಕ್ಸ್ ಅದನ್ನು ಗುರುತಿಸಿದೆಯೇ? ಕಾರ್ಡು ಕೆಲಸ ಮಾಡಲು ಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ಕಡತ ಸಿಕ್ಕಿದೆಯೇ? ಕಾರ್ಡು ಎಚ್ಚರವಾಗಿದೆಯೇ? ಕಪ್ಪು ಪರದೆಯ ಮೇಲೆ ಒಂದೊಂದೇ ಆದೇಶ ಒತ್ತಿ ಕೇಳಿದಳು. ಮೊದಲ ಮೂರಕ್ಕೂ ಹೌದೆಂಬ ಉತ್ತರ ಬಂತು. ನಾಲ್ಕನೆಯದಕ್ಕೆ, ಹಾರ್ಡ್‌ವೇರ್ ರೇಡಿಯೋವನ್ನು ಬಂದ್ ಮಾಡಿದೆ ಎಂಬರ್ಥದ ಒಂದು ಸಾಲು ಬಂತು. ಹಾರ್ಡ್‌ವೇರ್ ಕೆಟ್ಟಿದೆಯೆಂದು ಆಕೆ ಅರ್ಥ ಮಾಡಿಕೊಂಡಳು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿರುವ ನಾನು ಆ ಅರ್ಥವನ್ನು ಪರಿಶೀಲಿಸಿ ಅನುಮೋದಿಸಿದೆ.

ಆದರೆ ಆಗಸ್ಟ್ ಇಪ್ಪತ್ತೆಂಟರಂದು ಅದು ತಾನಾಗಿ ನಡೆಯಿತು. ಇಪ್ಪತ್ತೊಂಬತ್ತಕ್ಕೆ ಸತ್ತಿತು. ಸೆಪ್ಟೆಂಬರ್ ನಾಲ್ಕಕ್ಕೆ ಬದುಕಿತು, ಐದಕ್ಕೆ ಮತ್ತೆ ಸತ್ತಿತು.

ದೋಣಿಮಲೈ ಕಡೆಯಿಂದ ಬರುವ ಚಾಲಕ ಜಂಬಪ್ಪ ಕಾರಣ ಹೇಳಿದ: "ಮೇಡಂ, ಸುತ್ತಮುತ್ತ ಗುಡ್ಡ ತುಂಬ ಕಬ್ಬಿಣ ಐತಿ. ನೀವು ಗಾಳ್ಯಾಗ ಬಿಟ್ಟಿದ್ದನ್ನ ಅದು ಎಳ್ಕಂತೈತಿ. ಧೂಳು ಎದ್ದ ದಿನ ಇನ್ನೂ ಜಾಸ್ತಿ."

"ಹಂಗಾದ್ರ ನಾಲ್ಕು ತಿಂಗ್ಳು ಗುಡ್ಡ ರಜಾ ಹಾಕಿತ್ತೇನ್ರಿ?"

"ಆವಾಗ ಅದಕ್ಕ ಗೊತ್ತಿರಲಿಲ್ಲ ಬಿಡ್ರಿ. ಒಂದು ನಿಂಬಿಹಣ್ಣು ಕಟ್ಟಿದ್ರ ಎಲ್ಲಾ ಸರಿ ಹೋಗ್ತೈತಿ. ಕಟ್ಟಲೇನು?"

"ಕಟ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾಳಿಗಿ ಕಟ್ರಿ. ಇವತ್ತು ಫರ್ಮ್‌ವೇರ್ ಬದ್ಲಿ ಮಾಡೀನಿ. ಎರಡೂ ಒಂದ ದಿನ ಮಾಡಿದ್ರ ಯಾವುದರಿಂದ ಸರಿ ಆತಂತ ಹೆಂಗ ಗೊತ್ತಾಗಬೇಕು?"

ನಿಂಬೆಹಣ್ಣಿಗೆ ಸೆಪ್ಟೆಂಬರ್ ಆರನೇ ತಾರೀಖು ನಿಗದಿಯಾಯಿತು. ಫಲ ಕಾಣಲಿಲ್ಲವಾಗಿ ಏಳಕ್ಕೆ ಬಿಚ್ಚಲಾಯಿತು. ಕ್ರಮ ತಪ್ಪಲಿಲ್ಲ.

ಹನ್ನೆರಡರಂದು ಆಕೆ ಲ್ಯಾಪ್‌ಟಾಪನ್ನು ಗವಸು ಸಮೇತ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊಸಪೇಟೆಗೆ ಹೋದಳು. ಅಲ್ಲಿ ಕಂಪ್ಯೂಟರ್ ಅಂಗಡಿಯ ಮನೋಹರ್ ಗವಸಿನ ಲಾಡಿ ಬಿಚ್ಚಿ, ಯಂತ್ರ ತೆರೆದು, ಗುಂಡಿ ಒತ್ತಿದ. ತಕ್ಷಣ ಅಂಗಡಿಯ ವೈರ್‌ಲೆಸ್ ಸಿಕ್ಕಿತು. ಡಾಕ್ಟರ ಮುಂದೆ ಕುಳಿತ ಕೂಡಲೇ ಮಗುವಿನ ಜ್ವರ ಇಳಿಯುತ್ತದಲ್ಲ, ಹಾಗೆ.

"ಇದಕ್ಕೇನಾಗೈತ್ರಿ ಅಕ್ಕಾರೆ? ಗುಂಡುಕಲ್ಲಿನಂಗ ಐತಿ" ಎಂದ ಮನೋಹರ್. ಮರುದಿನ ಬೆಳಗ್ಗೆ ಗೇಟಿನಲ್ಲಿ ಅದು ಸತ್ತಿತ್ತು. ಜಂಬಪ್ಪ ಗುಡ್ಡದ ಕಡೆ ಕೈ ತೋರಿಸಿ ಸುಮ್ಮನೆ ನಕ್ಕ.

ಅಂದಾನಪ್ಪನವರ ತಾಳ್ಮೆ ಅಲ್ಲಿಗೆ ಮುಗಿಯಿತು. "ನೋಡವ್ವ ಸುಕನ್ಯಾ, ಮೂವತ್ತನೇ ತಾರೀಖಿಗೆ ಸಂಘದ ಸಭೆ ಐತಿ. ಅಷ್ಟರಾಗ ಮೂರು ದಿನ ಒಂದ ಸಮ ನಡೆಸಿ ತೋರ್ಸು. ಇಲ್ಲಂದ್ರ ಸುಂಕಪ್ಪನ ಚೀಟೀನೇ ಗತಿ." ಚೀಟಿ ಬಂದರೆ ಗೇಟಿಗೆ ಒಬ್ಬನೇ ಸಾಕು, ಆ ಒಬ್ಬ ಸುಂಕಪ್ಪ. ಅದನ್ನು ಅವರು ಹೇಳಲಿಲ್ಲ. ಅಂದು ಓಡುವಾಗ ಮಾತ್ರ ಆಕೆ ಹೆಜ್ಜೆ ಎಣಿಸಲಿಲ್ಲ ಎಂದು ಆಮೇಲೆ ತಿಳಿಯಿತು.

ಇಪ್ಪತ್ತೈದರ ಮಧ್ಯಾಹ್ನ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ್, ನಿಮ್ಮ ಡೈರ್ಯಾಗ ಗಾಳಿ, ಮಳಿ, ಧೂಳು ಎಲ್ಲಾ ಬರೀತೀರಲ್ಲ. ಒಂದ್ಸಲ ಕೊಡ್ತೀರೇನ್ರಿ? ಜಂಬಪ್ಪನ ಮಾತು ಖರೆ ಐತೋ ಇಲ್ಲೋ ನೋಡ್ತೀನಿ."

ಕೊಟ್ಟೆ. ಆಕೆ ತನ್ನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ದಿನ ಹೊಂದಿಸಿದಳು. ಧೂಳೆದ್ದ ದಿನ ವೈರ್‌ಲೆಸ್ ನಡೆದಿತ್ತು. ಮಳೆ ಬಿದ್ದು ಧೂಳೆಲ್ಲ ಅಡಗಿದ ದಿನ ಸತ್ತಿತ್ತು. ಗುಡ್ಡ ನಿರಪರಾಧಿಯೆಂದು ತೀರ್ಮಾನವಾಯಿತು. ಆಕೆ ಪುಸ್ತಕ ಮುಚ್ಚಲಿಲ್ಲ. ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.

"ಸರ್, ವೈರ್‌ಲೆಸ್ ನಡೆದದ್ದು ಮೂರ ದಿನ. ಇಪ್ಪತ್ತೆಂಟು, ನಾಲ್ಕು, ಹತ್ತೊಂಬತ್ತು. ಮೂರೂ ದಿನ ನೀವು ಕೆಳಗ ಬರ್ದಿದ್ದು ಒಂದ ಮಾತು ನೋಡ್ರಿ."

ನಾನೇ ಬರೆದದ್ದನ್ನು ಓದಿದೆ. 'ತಾಯಕ್ಕ ಇಂದು ಬರಲಿಲ್ಲ.' ಒಮ್ಮೆ ಹಲ್ಲು ಕೀಳಿಸಲು, ಒಮ್ಮೆ ಮರಿಯಮ್ಮನಹಳ್ಳಿಯಲ್ಲಿ ತಂಗಿಯ ಮೊಮ್ಮಗನ ಹೆಸರಿಡುವುದಕ್ಕೆ. ಇನ್ನೊಂದರ ಕಾರಣ ನಮೂದಾಗಿಲ್ಲ. ಹಿಂದಿನ ಪುಟಕ್ಕೆ ಹೋದೆವು. 'ಆಗಸ್ಟ್ 16: ತಾಯಕ್ಕ ಲ್ಯಾಪ್‌ಟಾಪಿಗೆ ಗವಸು ಹೊಲಿದು ತಂದಳು. ಅಳತೆ ಸರಿಯಾಗಿದೆ. ಆಗಸ್ಟ್ 17: ವೈರ್‌ಲೆಸ್ ನಿಂತಿತು. ಕಾರಣ ತಿಳಿಯದು.' ಎರಡೂ ನನ್ನದೇ ಅಕ್ಷರ, ಒಂದರ ಕೆಳಗೆ ಒಂದು.

ತಾಯಕ್ಕ ನಮ್ಮ ಕಚೇರಿಯ ಕಸ ಗುಡಿಸಿ, ನೀರು ತುಂಬಿ, ಚಹಾ ಕೊಡುವವಳು. ಧೂಳಿನ ಮೇಲೆ ಆಕೆಯದು ಇಪ್ಪತ್ತು ವರ್ಷಗಳ ಯುದ್ಧ. ಫೋನಿಗೆ, ಗೋಡೆ ಗಡಿಯಾರಕ್ಕೆ, ನನ್ನ ಸ್ಟೇಪ್ಲರಿಗೆ ಕೂಡ ಆಕೆ ಗವಸು ಹೊಲಿದಿದ್ದಾಳೆ. ಸಂಜೆ ಲ್ಯಾಪ್‌ಟಾಪಿಗೆ ಗವಸು ಹಾಕುವವಳೂ ಬೆಳಗ್ಗೆ ಏಳಕ್ಕೆ ಬಂದು ತೆಗೆಯುವವಳೂ ಆಕೆಯೇ. ಸುಕನ್ಯಾ ಬರುವುದು ಎಂಟಕ್ಕೆ.

ಇಪ್ಪತ್ತಾರರ ಬೆಳಗ್ಗೆ ಏಳಕ್ಕೇ ನಾವಿಬ್ಬರೂ ತಗಡಿನ ಕೋಣೆಯಲ್ಲಿದ್ದೆವು. ತಾಯಕ್ಕ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಳು.

"ಏನ್ರಿ ಸರ, ಇಬ್ರೂ ಹಿಂಗ ಕುಂತೀರಿ? ನಾನೇನು ಕದ್ದೀನಂತ ನೋಡಾಕ ಬಂದೀರೇನು?"

"ಇಲ್ಲಕ್ಕ. ನೀ ದಿನಾ ಗೌಸು ಹೆಂಗ ತಗಿತೀ, ಹಂಗ ತಗಿ. ನಾವು ನೋಡ್ತೀವಿ" ಎಂದಳು ಸುಕನ್ಯಾ.

"ಗೌಸು ತಗಿಯಾದ್ರಾಗ ಏನೈತಿ ನೋಡಾಕ?" ಎನ್ನುತ್ತಲೇ ತಾಯಕ್ಕ ಮುಂದೆ ಬಂದಳು. ಗವಸು ದಿಂಬಿನ ಚೀಲದಂಥದ್ದು. ಬಾಯಿಗೆ ದಪ್ಪ ಅಂಚು ಮಡಿಸಿ, ಒಳಗೆ ಲಾಡಿ ಪೋಣಿಸಿದ್ದಳು. ಬೇರೆ ಯಾರೇ ಆದರೂ ಲಾಡಿ ಬಿಚ್ಚಿ ಯಂತ್ರವನ್ನು ಹೊರತೆಗೆಯುತ್ತಾರೆ. ತಾಯಕ್ಕ ಬಿಚ್ಚುವುದಿಲ್ಲ. ತಾನೇ ಹೊಲಿದದ್ದು, ತಾನೇ ಕಟ್ಟಿದ್ದು. ಕಟ್ಟಿದ ಲಾಡಿಯಲ್ಲೇ ಹಾಕುವಳು, ಕಟ್ಟಿದ ಲಾಡಿಯಲ್ಲೇ ಎಳೆಯುವಳು. ಎಡಗೈಯಿಂದ ಯಂತ್ರ ಒತ್ತಿ ಹಿಡಿದು ಬಲಕ್ಕೆ ಸರ್ರನೆ ಎಳೆದಳು.

ಸುಕನ್ಯಾ ತಲೆ ಎತ್ತಿದಳು. "ಕೇಳಿಸ್ತೇನ್ರಿ ಸರ್?"

ನನಗೆ ಏನೂ ಕೇಳಿಸಿರಲಿಲ್ಲ.

"ಟಿಕ್ ಅಂತು. ಅಕ್ಕ, ಮತ್ತೊಮ್ಮೆ ಹಾಕಿ ತಗಿ."

ಹಾಕುವಾಗೊಮ್ಮೆ ಟಿಕ್, ತೆಗೆಯುವಾಗೊಮ್ಮೆ ಟಿಕ್. ಸುಕನ್ಯಾ ಯಂತ್ರದ ಮುಂಭಾಗದ ಅಂಚಿನ ಮೇಲೆ ಬೆರಳಾಡಿಸಿ, ಸೀರೆಯ ಸೆರಗಿನಿಂದ ಒರೆಸಿದಳು. ಕೆಂಪು ಧೂಳಿನ ಕೆಳಗಿನಿಂದ ಜೋಳದ ಕಾಳಿನಷ್ಟು ದೊಡ್ಡದಾದ ಒಂದು ಗುಬುಟು ಮೇಲೆದ್ದಿತು. ಎಡಕ್ಕೆ ಸರಿಸಿದರೆ ವೈರ್‌ಲೆಸ್ ಎಚ್ಚರ, ಬಲಕ್ಕೆ ಸರಿಸಿದರೆ ನಿದ್ದೆ. ಪ್ರತಿ ಸಂಜೆ ತಾಯಕ್ಕ ಗವಸಿನ ಬಿಗಿದ ಅಂಚಿನಿಂದ ಅದನ್ನು ಎಬ್ಬಿಸಿ ಮುಚ್ಚುತ್ತಿದ್ದಳು. ಪ್ರತಿ ಬೆಳಗ್ಗೆ ಮಲಗಿಸಿ ತೆರೆಯುತ್ತಿದ್ದಳು. ಆಕೆ ಬಾರದ ದಿನ ಸುಕನ್ಯಾ ಲಾಡಿ ಬಿಚ್ಚಿ ಹೊರತೆಗೆದದ್ದೂ, ಗವಸಿನೊಳಗೇ ಹೊಸಪೇಟೆಗೆ ಹೋದದ್ದೂ ಎಚ್ಚರವಿದ್ದ ಯಂತ್ರ.

"ಗ್ವಾಡಿ ಬಿಟ್ಟು ದಿಲ್ಲಿಗೆ ಹೋಗಿದ್ನಿ ನೋಡ್ರಿ ಸರ್" ಎಂದು ಸುಕನ್ಯಾ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ತಾಯಕ್ಕನ ಮುಖ ಸಣ್ಣದಾಯಿತು. "ಅಂದ್ರ ಇಷ್ಟು ದಿನ ನಿನ್ನ ಓಡ್ಸಿದಾಕಿ ನಾನಾ?"

"ಅಲ್ಲಕ್ಕ. ಕಣ್ಣಿದ್ದೂ ಸ್ವಿಚ್ಚು ಕಾಣದಾಕಿ ನಾನು. ಈ ಮಾತು ಇಲ್ಲಿಗೇ ಬಿಡು."

ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂರು ದಿನ ಒಂದು ನಂಬರೂ ತಪ್ಪಲಿಲ್ಲ. ಭಾನುವಾರ ಸಭೆ ಸೇರಿತು. ಏನಾಗಿತ್ತೆಂದು ಅಂದಾನಪ್ಪನವರು ಕೇಳಿದರು.

"ಸ್ವಿಚ್ಚು ಆಫ್ ಆಗಿತ್ರಿ. ನಾ ನೋಡಿದ್ದಿಲ್ಲ" ಎಂದಳು ಸುಕನ್ಯಾ. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ.

ಮಾಲೀಕರೆಲ್ಲ ಗೊಳ್ಳೆಂದು ನಕ್ಕರು. ಸುಂಕಪ್ಪ ಎದ್ದು ನಿಂತ. "ಸ್ವಿಚ್ಚು ಹುಡುಕಾಕ ಆರು ವಾರ! ನನ್ನ ಕಿಸೇಕ್ಕ ಸ್ವಿಚ್ಚ ಇಲ್ಲ ನೋಡ್ರಿ ಧಣೇರ, ಕೆಡಾ ಮಾತ ಇಲ್ಲ."

ಅಂದಾನಪ್ಪನವರು ಗಲ್ಲ ಕೆರೆದುಕೊಂಡರು. "ಆತು, ಇವತ್ತು ಸಿಕ್ತು. ನಾಳಿ ಇನ್ನೊಂದು ಸ್ವಿಚ್ಚು ಆಫ್ ಆದ್ರ? ಮತ್ತ ಆರು ವಾರ ಏನವ್ವ?" ಆ ದನಿ ಚೀಟಿಯ ಕಡೆ ವಾಲುತ್ತಿರುವುದು ನನಗೂ ಕೇಳಿಸಿತು.

ಆಗ ಚಹಾದ ತಟ್ಟೆ ಕೆಳಗಿಟ್ಟ ಸದ್ದಾಯಿತು. ತಾಯಕ್ಕ ಗೇಟಿನ ಕೋಣೆಗೆ ಹೋಗಿ, ಲ್ಯಾಪ್‌ಟಾಪನ್ನು ಗವಸಿನಲ್ಲೇ ಎತ್ತಿ ತಂದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟಳು.

"ಆಕಿ ಹೇಳಂಗಿಲ್ಲ, ನಾ ಹೇಳ್ತೀನ್ರಿ. ಆಫ್ ಮಾಡ್ತಿದ್ದಾಕಿ ನಾನು. ಹಿಂಗ ಎಳದ್ರ ಆಫ್. ಹಿಂಗ ಹಾಕಿದ್ರ ಆನ್. ನನಗ ಗೊತ್ತಿರಲಿಲ್ಲ, ದೇವ್ರಿಗೂ ಗೊತ್ತಿರಲಿಲ್ಲ. ಬರೇ ಕಿವೀಲೆ ಕೇಳಿ ಹಿಡದಾಕಿ ಈಕಿ ಒಬ್ಬಾಕಿ. ನಿಮ್ಮ ಕಿವಿಗೆ ಕೇಳ್ತೈತೇನು, ನೋಡ್ರಿ."

ಅಂದಾನಪ್ಪನವರು ಬಗ್ಗಿ ಕಿವಿಗೊಟ್ಟರು. ತಾಯಕ್ಕ ಎಳೆದಳು. ಅವರು ತಲೆಯಾಡಿಸಿದರು, ಕೇಳಲಿಲ್ಲ. ತಾವೇ ಎಳೆದು ನೋಡಿದರು. ಮೂರನೆಯ ಸಲಕ್ಕೆ ಲಾಡಿ ಕಿತ್ತು ಕೈಗೆ ಬಂತು. ಅಷ್ಟರಲ್ಲಿ ಎಂಟು ಮಂದಿ ಮಾಲೀಕರು ಮೇಜಿಗೆ ಕಿವಿ ಹಚ್ಚಿ ನಿಂತಿದ್ದರು. ಒಬ್ಬರಿಗೂ ಕೇಳಿಸಲಿಲ್ಲವೆಂಬುದು ನಡಾವಳಿಯಲ್ಲಿದೆ.

"ನಿನ್ನ ಕಿಸೇಕ್ಕ ಸ್ವಿಚ್ಚಿಲ್ಲ ಖರೆ ಸುಂಕಪ್ಪ" ಎಂದು ತಾಯಕ್ಕ ಖಾಲಿ ಲೋಟಗಳನ್ನು ಜೋಡಿಸುತ್ತ ಹೇಳಿದಳು, "ಚಾದ ಕಲಿ ಮಾತ್ರ ಭಾಳ ಅದಾವು. ತೊಳದ್ರೂ ಹೋಗವಲ್ವು."

ಈ ಸಲದ ನಗೆ ಬೇರೆ ಕಡೆ ತಿರುಗಿತು. ಪಾಳಿ ಕಂಪ್ಯೂಟರಿನಲ್ಲೇ ಉಳಿಯಲಿ, ಗೇಟಿನಲ್ಲಿ ಸುಕನ್ಯಾಳೇ ಇರಲಿ ಎಂದು ಅಂದಾನಪ್ಪನವರು ಬರೆಸಿದರು. ಸುಂಕಪ್ಪನನ್ನು ಟಾರ್ಪಾಲಿನ ಉಸ್ತುವಾರಿಗೆ ಹಾಕಿದರು. ಟಾರ್ಪಾಲು ಕಿಸೆಯಲ್ಲಿ ಹಿಡಿಸುವುದಿಲ್ಲ.

ಲ್ಯಾಪ್‌ಟಾಪಿಗೆ ಈಗ ಹೊಸ ಗವಸು. ಸ್ವಿಚ್ಚಿನ ನೇರಕ್ಕೆ ತಾಯಕ್ಕ ಒಂದು ಕಾಜಾ ಹೊಲಿದಿದ್ದಾಳೆ, ಅಂಗಿಯ ಗುಂಡಿಗೆ ಹೊಲಿಯುವಂಥದ್ದೇ, ಸುತ್ತ ಹಸಿರು ದಾರ. ನನ್ನ ಸ್ಟೇಪ್ಲರಿನ ಗವಸಿಗೂ ಒಂದು ಕಾಜಾ ಬಂದಿದೆ. ಅದರಲ್ಲಿ ಯಾವ ಸ್ವಿಚ್ಚೂ ಇಲ್ಲವೆಂದು ಹೇಳಿ ನೋಡಿದೆ. "ಇರ್ಲಿ ಬಿಡ್ರಿ, ಯಾರಿಗ್ಗೊತ್ತು" ಎಂದಳು.

ಎರಡು ವರ್ಷಗಳಾದವು. ಸುಕನ್ಯಾ ಆ ಎಂಬತ್ತೆರಡು ಹೆಜ್ಜೆಯನ್ನು ಈಗ ದಿನಕ್ಕೊಮ್ಮೆ ಮಾತ್ರ ಬರುತ್ತಾಳೆ, ನಾಲ್ಕು ಗಂಟೆಯ ಚಹಾಕ್ಕೆ. ಮೊನ್ನೆ ಲೋಟ ಹಿಡಿದು ನನ್ನ ಮೇಜಿನ ಬಳಿ ನಿಂತು, "ಸರ್, ಡೈರ್ಯಾಗ ತಿದ್ರಿ. ಎಂಬತ್ತೆರಡು ಓಡುವಾಗಿನ ಲೆಕ್ಕ. ಸಾವಕಾಶ ನಡದ್ರ ತೊಂಬತ್ತೊಂದು ಆಗ್ತಾವ" ಎಂದಳು.

ತಿದ್ದಿದ್ದೇನೆ.